ಕೂಗಿದರೆ ಕೇಳುವಷ್ಟು ದೂರ

ಎರ್ಸಿಲಿಯಾ ಹಂಚುವುದರಲ್ಲಿ ಎತ್ತಿದ ಕೈ. ಬೀದಿಯಲ್ಲಿ ಯಾರ ಮನೆಯ ಕೂಸಿಗೆ ದೀಕ್ಷಾಸ್ನಾನವಾಗಲಿ, ಕೇಕು ಕತ್ತರಿಸಲು ಅವಳನ್ನೇ ಕರೆಯುತ್ತಿದ್ದರು. ಕಣ್ಣಳತೆಯಲ್ಲೇ ಕತ್ತರಿಸಿದರೂ ಒಬ್ಬರ ತುಂಡಿಗೂ ಇನ್ನೊಬ್ಬರ ತುಂಡಿಗೂ ಇರುವೆ ಕಚ್ಚಿದಷ್ಟು ಕೂಡ ವ್ಯತ್ಯಾಸ ಇರುತ್ತಿರಲಿಲ್ಲ. ಬಿರುಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದಾಗ ಕೊಡಗಳ ಸಾಲಿನ ಮುಂದೆ ಅವಳು ನಿಂತರೆ ಜಗಳವೇ ಇಲ್ಲ. ಕಸುಬಿನಿಂದ ಬಂದ ಗುಣ ಅದು. ಕೊಲಂಬಿಯಾದ ಕೂಕುತಾ ಊರಿನ ಅಂಚಿನ ಆ ಬಡಾವಣೆಯಲ್ಲಿ ಅರ್ಧ ಜನ ಚಪ್ಪಲಿ ಹೊಲಿದು ಬದುಕುವವರು. ಚಪ್ಪಲಿಯ ಚರ್ಮ ಕತ್ತರಿಸುವುದು ಎರ್ಸಿಲಿಯಾಳ ಕೆಲಸ. ಅವಳು ಕತ್ತರಿಸಿದ ಮೇಲೆ ನೆಲಕ್ಕೆ ಬಿದ್ದ ಚೂರಿನಲ್ಲಿ ಗೊಂಬೆಗೂ ಒಂದು ಚಪ್ಪಲಿ ಆಗುವುದಿಲ್ಲ ಎಂದು ಗಂಡ ಎಲಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದು ಹೊಗಳಿಕೆಯೋ ಗೇಲಿಯೋ ಆ ದೇವರೇ ಬಲ್ಲ.

ಇಂಥ ಎರ್ಸಿಲಿಯಾ ಒಂದು ಸಲ ಒಂದು ಸಂಸಾರವನ್ನೇ ಚರ್ಮದ ಹಾಗೆ ಹಲಗೆಯ ಮೇಲೆ ಹಾಸಿ ಕತ್ತರಿ ಹಿಡಿದಳು. ಅದೂ ಯಾರ ಸಂಸಾರ? ತನಗೆ ಅನ್ನ ಹಾಕಿದವರದು. ಕೆಟ್ಟ ಮನಸ್ಸಿನಿಂದ ಅಲ್ಲ. ಒಳ್ಳೆಯ ಮನಸ್ಸಿನವರು ಮಾಡುವ ಎಡವಟ್ಟೇ ಬೇರೆ, ಅದನ್ನು ತಡೆಯಲೂ ಯಾರಿಗೂ ಬಾಯಿ ಬರುವುದಿಲ್ಲ.

ದೊಮಿತಿಲಾ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಗಡಿಯ ಸೇತುವೆಯ ಆಚೆ ವೆನೆಜುವೆಲಾದಲ್ಲಿ ತಿಂಗಳಿಡೀ ದುಡಿದರೂ ಎರಡು ದಿನದ ಹಿಟ್ಟಿಗೆ ಸಾಲದ ಕಾಲ ಅದು. ಬೆಳಗಾದರೆ ಜನ ಸೂಟ್‌ಕೇಸು, ಕೂಸು, ಹಾಸಿಗೆ ಸುರುಳಿ ಹೊತ್ತು ಸೇತುವೆ ದಾಟಿ ಕೊಲಂಬಿಯಾದ ಕಡೆಗೆ ಬರುತ್ತಿದ್ದರು. ಬಾಗಿಲು ಬಡಿದ ಸದ್ದಿಗೆ ಎರ್ಸಿಲಿಯಾ ಕತ್ತರಿ ಹಿಡಿದೇ ಬಂದು ನೋಡಿದರೆ ಎದುರಿಗೆ ಬಿಳಿ ಜಡೆಯ ಮುದುಕಿ ನಿಂತಿದ್ದಾಳೆ. ಹಿಂದೆ ಮಗಳು ಬೆಲ್ಕಿಸ್, ಅಳಿಯ ಒಸ್ವಾಲ್ದೊ, ಅವರ ಅವಳಿ ಹೆಣ್ಣುಮಕ್ಕಳು ಯೋಸೆಲಿನ್ ಮತ್ತು ಯೋಸ್ಮಾರಿ. ಮುದುಕಿ ಹೊಸ್ತಿಲು ದಾಟಲಿಲ್ಲ. ಈ ದಾರಿಯಲ್ಲಿ ಹೋಗುತ್ತಿದ್ದೆವು, ಮುಖ ನೋಡಿ ಹೋಗೋಣ ಅಂತ ಬಂದೆವು ಎಂದಳು. ಗಂಟುಮೂಟೆ ಹೊತ್ತು ಐದು ಜನ ಸುಮ್ಮನೆ ಮುಖ ನೋಡಿ ಹೋಗಲು ಬರುತ್ತಾರೆಯೇ? ಎರ್ಸಿಲಿಯಾ ಕತ್ತರಿಯನ್ನು ಅಲ್ಲೇ ಎಸೆದು ಆಕೆಯನ್ನು ತಬ್ಬಿಕೊಂಡು ಗಳಗಳ ಅತ್ತಳು.

"ಮಾದ್ರಿನಾ, ನಿಮ್ಮನೆಗೆ ನೀವು ಬಂದಿದೀರ. ಒಳಗ್ಬನ್ನಿ," ಎಂದಳು.

ಮಾದ್ರಿನಾ ಎಂದರೆ ದೇವರೆದುರು ಕೈಹಿಡಿದು ಒಪ್ಪಿಕೊಂಡ ತಾಯಿ. ಹೆತ್ತ ತಾಯಿಗೆ ಎದುರು ಮಾತಾಡಬಹುದು, ಮಾದ್ರಿನಾಗೆ ಆಡುವಂತಿಲ್ಲ. ಎರ್ಸಿಲಿಯಾಗೆ ಒಂಬತ್ತು ವರ್ಷವಿದ್ದಾಗ ಕತತುಂಬೊ ಬೆಟ್ಟದ ಅವಳ ಹಳ್ಳಿಗೆ ಬಂದೂಕಿನವರು ಬಂದರು. ಅಪ್ಪ ಹಿಂತಿರುಗಿ ಬರಲಿಲ್ಲ. ಅಮ್ಮ, ಇಬ್ಬರು ಅಣ್ಣಂದಿರು, ಅಜ್ಜ, ಅವಳು, ಇಷ್ಟು ಜನ ಮೈಮೇಲಿನ ಬಟ್ಟೆಯಲ್ಲಿ ನದಿ ದಾಟಿ ಆಚೆ ವೆನೆಜುವೆಲಾದ ರೂಬಿಯೊ ಎಂಬ ಊರಿನ ಒಂದು ಬೀದಿಗೆ ಹೋಗಿ ನಿಂತರು. ಆಗ ಓಡುತ್ತಿದ್ದವರು ಈ ದಡದ ನಾವು, ಬಾಗಿಲು ತೆರೆದವರು ಆ ದಡದ ಅವರು. ಆ ಬೀದಿಯವರೇನು ಸಾಹುಕಾರರಲ್ಲ. ಐದು ಜನರನ್ನು ಒಟ್ಟಿಗೆ ಇಟ್ಟುಕೊಳ್ಳುವ ಮನೆ ಒಂದೂ ಇರಲಿಲ್ಲ. ದೊಮಿತಿಲಾ ಸೌಟು ಹಿಡಿದು ಬೀದಿಯುದ್ದ ನಡೆದಳಂತೆ. ಮನೆಮನೆಯ ಅಡುಗೆಮನೆಗೆ ನುಗ್ಗಿ ಪಾತ್ರೆ ನೋಡಿದಳಂತೆ. ಇಷ್ಟು ದೊಡ್ಡ ಪಾತ್ರೆ ಇಟ್ಕೊಂಡು ಒಬ್ಬರಿಗೆ ಊಟ ಇಲ್ಲ ಅಂತೀರಲ್ಲ ಎಂದು ಕೇಳಿದರೆ ಯಾರು ತಾನೇ ಇಲ್ಲ ಎನ್ನುತ್ತಾರೆ? ಅಣ್ಣಂದಿರು ಬಡಗಿಯ ಮನೆಗೆ, ಅಮ್ಮ ದಾದಿಯ ಮನೆಗೆ, ಅಜ್ಜ ಬಸ್ಸಿನ ಡ್ರೈವರ್ ಮನೆಗೆ ಹೋದರು. ಎರ್ಸಿಲಿಯಾಳನ್ನು ದೊಮಿತಿಲಾ ತಾನೇ ಇಟ್ಟುಕೊಂಡಳು. ಆ ವರ್ಷವೇ ಚರ್ಚಿನಲ್ಲಿ ಅವಳಿಗೆ ಮೊದಲ ಪರಮಪ್ರಸಾದ, ಪಕ್ಕದಲ್ಲಿ ಮಾದ್ರಿನಾ ಆಗಿ ನಿಂತವಳೂ ದೊಮಿತಿಲಾಳೇ.

ಸಂಜೆ ಊಟದ ಹೊತ್ತಿಗೆ ಒಂದು ಪದ್ಧತಿ ಇತ್ತು. ದೊಮಿತಿಲಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದಳು. ಬೇರೆ ಬೇರೆ ಮನೆಗಳಿಂದ ಅವರು "ಊಪಾ!" ಎಂದು ಓಗೊಡಬೇಕು. ಎಲ್ಲರೂ ಓಗೊಡುವ ತನಕ ಬೀದಿಯಲ್ಲಿ ಯಾರೂ ಚಮಚ ಮುಟ್ಟುವಂತಿಲ್ಲ. ಅಜ್ಜನಿಗೆ ಕಿವಿ ಮಂದ. ಪಕ್ಕದ ಮನೆಯಾಕೆ ಕಿಟಕಿಯಿಂದ ಪೊರಕೆ ತೂರಿಸಿ ತಿವಿದ ಮೇಲೆ ಅವನ "ಊಪಾ" ಬರುತ್ತಿತ್ತು. ಅಷ್ಟರಲ್ಲಿ ಸಾರು ಆರಿರುತ್ತಿತ್ತು. ಆ ಬೀದಿಯವರು ಎಷ್ಟೋ ತಿಂಗಳು ಆರಿದ ಸಾರನ್ನೇ ಕುಡಿದರು, ಗೊಣಗಿಕೊಂಡೇ ಕುಡಿದರು.

ದೊಡ್ಡವಳಾಗಿ ತನ್ನ ದೇಶಕ್ಕೆ ಮರಳಿ, ಎಲಿಯನ್ನು ಮದುವೆಯಾಗಿ, ಚರ್ಮದ ಕಸುಬು ಹಿಡಿದ ಎರ್ಸಿಲಿಯಾಗೆ ನೆನಪಿದ್ದದ್ದು ಹಂಚಿದ ವಿಷಯ ಮಾತ್ರ. ಹಂಚಿಕೊಂಡಿದ್ದರಿಂದ ನಾವು ಬದುಕಿದೆವು ಎಂದು ಅವಳು ಸದಾ ಹೇಳುತ್ತಿದ್ದಳು. ಕೂಗಿನ ವಿಷಯ ಬಾಲ್ಯದ ತಮಾಷೆಗಳ ಜೊತೆ ಎಲ್ಲೋ ಒಂದು ಮೂಲೆ ಸೇರಿಬಿಟ್ಟಿತ್ತು.

ಈಗ ಋಣ ತೀರಿಸುವ ಸರದಿ ಅವಳದು. ಇರುವುದು ತಗಡಿನ ಮಾಡಿನ ಎರಡು ಕೋಣೆ, ಅದರಲ್ಲಿ ಒಂದು ಚರ್ಮಕ್ಕೂ ಗೋಂದಿನ ಡಬ್ಬಗಳಿಗೂ ಮೀಸಲು. ಅವಳಿಮಕ್ಕಳು ಹಲಗೆಯ ಕೆಳಗೆ, ಒಸ್ವಾಲ್ದೊ ಹಲಗೆಯ ಮೇಲೆ, ಬೆಲ್ಕಿಸ್ ಬಾಗಿಲಿಗೆ ಅಡ್ಡವಾಗಿ ಮಲಗುತ್ತಿದ್ದರು. ದೊಮಿತಿಲಾಗೆ ಮಂಚ ಬಿಟ್ಟುಕೊಟ್ಟು ಗಂಡಹೆಂಡತಿ ಅಡುಗೆಮನೆಯ ನೆಲ ಹಿಡಿದರು. ಆದರೂ ಸಂತೋಷವೇ ಇತ್ತು ಎನ್ನಿ. ಬೆಳಿಗ್ಗೆ ದೊಮಿತಿಲಾ ಹಾಲು, ಆಲೂಗಡ್ಡೆ, ಮೊಟ್ಟೆ ಹಾಕಿ ಪಿಸ್ಕಾ ಸಾರು ಕುದಿಸಿದರೆ ಬೀದಿಯ ಮೂಗೆಲ್ಲ ಇತ್ತ ತಿರುಗುತ್ತಿತ್ತು. ನಮ್ಮ ಕಡೆ ನದಿಯ ಎರಡು ದಡದಲ್ಲೂ ಮಕ್ಕಳಿಗೂ ನಾಯಿಗೂ 'ನೀವು' ಎಂದೇ ಮಾತು, ಬೈಯುವುದೂ ಬಹುವಚನದಲ್ಲೇ. "ನೀವು ಕತ್ತೆ ಕಣ್ರೀ, ಮೊದಲು ಕೈ ತೊಳ್ಕೊಳ್ಳಿ" ಎಂದು ಅಜ್ಜಿ ಮೊಮ್ಮಕ್ಕಳನ್ನು ಬೈಯುವುದನ್ನು ಕೇಳಿದರೆ ಎರ್ಸಿಲಿಯಾಗೆ ಒಂಬತ್ತರ ವಯಸ್ಸು ವಾಪಸು ಬಂದಂತಾಗುತ್ತಿತ್ತು.

ಆದರೆ ಹಾಸಿಗೆ ಇದ್ದಷ್ಟು ತಾನೇ ಕಾಲು ಚಾಚುವುದು? ಮನೆ ಒಡೆಯ ಬಂದು ಎರಡು ಕೋಣೆಯಲ್ಲಿ ಇಷ್ಟು ತಲೆ ಆಗದು, ತಿಂಗಳ ಕೊನೆಗೆ ಖಾಲಿ ಮಾಡಿಸಿ ಎಂದು ಹೇಳಿ ಹೋದ. ಅದೇ ವಾರ ಟಿವಿಯಲ್ಲಿ ನೆರೆಹೊರೆ ದೇಶಗಳ ಮಂತ್ರಿಗಳು ಮೇಜಿನ ಸುತ್ತ ಕೂತು, ಬಂದವರನ್ನು ಯಾವ ದೇಶ ಎಷ್ಟು ಹೊರಬೇಕು ಎಂದು ಮಾತಾಡುತ್ತಿದ್ದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬರ ತಲೆಹೊರೆ, ಸರಿಯಾದ ಮಾತೇ ತಾನೇ ಎಂದು ಎರ್ಸಿಲಿಯಾಗೆ ಅನಿಸಿತು. ಒಸ್ವಾಲ್ದೊನ ಅಣ್ಣ ಈಕ್ವೆಡಾರಿನ ಕೀತೊದಲ್ಲಿದ್ದ. ಬೆಲ್ಕಿಸಳ ಚಿಕ್ಕಮ್ಮನ ಮಗಳು ನಾನ್ಸಿ ಪೆರುವಿನ ಲಿಮಾದಲ್ಲಿದ್ದಳು. ಎರ್ಸಿಲಿಯಾ ಫೋನನ್ನು ಹಲಗೆಯ ಮೇಲಿಟ್ಟು, ಸ್ಪೀಕರ್ ಹಾಕಿ, ಮೂರು ದೇಶಗಳ ಸಭೆ ಕರೆದಳು.

ಕೀತೊದವನಿಗೆ ಒಂದು ಕೋಣೆ, ಇಬ್ಬರಿಗಿಂತ ಹೆಚ್ಚು ಆಗದು. ಲಿಮಾದವಳಿಗೂ ಅಷ್ಟೇ. ಲೆಕ್ಕ ಎರ್ಸಿಲಿಯಾಳ ಕಣ್ಣೆದುರು ತಾನಾಗಿ ಕೂಡಿಕೊಂಡಿತು. ಒಸ್ವಾಲ್ದೊ ಮತ್ತು ಯೋಸೆಲಿನ್ ಕೀತೊಗೆ, ಬೆಲ್ಕಿಸ್ ಮತ್ತು ಯೋಸ್ಮಾರಿ ಲಿಮಾಕ್ಕೆ, ಮಾದ್ರಿನಾ ಇಲ್ಲೇ ಮಂಚದ ಮೇಲೆ ರಾಣಿಯ ಹಾಗೆ. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ. ಮಂತ್ರಿಗಳೂ ಇಷ್ಟು ಬೇಗ ಮುಗಿಸಲ್ಲ, ಅವರಿಗೆ ಕಾಫಿ ಬಿಸ್ಕತ್ತು ಸಿಗುತ್ತಲ್ಲ ಎಂದು ಎಲಿ ನಕ್ಕ. ಎಲ್ಲರೂ ಎರ್ಸಿಲಿಯಾಳನ್ನು ಕೊಂಡಾಡಿದರು. ಬೆಲ್ಕಿಸ್ ಬಚ್ಚಲಿಗೆ ಹೋಗಿ ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದಳು. ಮಾದ್ರಿನಾರನ್ನು ಕೇಳಿದಾಗ ಆಕೆ "ನಿಮ್ಮನೆ, ನಿಮ್ಮ ಮಾತು" ಎಂದಷ್ಟೇ ಹೇಳಿ ಬಟಾಣಿ ಬಿಡಿಸುತ್ತ ಕೂತಳು. ಬೆಟ್ಟದ ಜನರ ಮರ್ಯಾದೆ ಅದು. ಉಣ್ಣಲು ಕೊಟ್ಟವರ ಎದುರು ಬೇಡ ಎನ್ನಬಾರದು.

ಬಸ್ಸು ಹೊರಡುವ ಹಿಂದಿನ ದಿನ ಮಧ್ಯಾಹ್ನ. ಅವಳಿಗಳು ನೆಲದ ಮೇಲೆ ಕೂತು, ಇದ್ದ ಒಂದು ಬಾಚಣಿಗೆ ಯಾರಿಗೆ, ಕನ್ನಡಿ ಯಾರಿಗೆ ಎಂದು ಪಿಸುಗುಟ್ಟಿಕೊಂಡು ಹಂಚುತ್ತಿದ್ದರು. ಜಗಳವಾಡುತ್ತಿರಲಿಲ್ಲ. ಜಗಳವಾಡದೆ ಇದ್ದದ್ದು ಎರ್ಸಿಲಿಯಾಗೆ ಯಾಕೋ ಸರಿ ಬರಲಿಲ್ಲ, ಆದರೂ ನೋಡದವಳ ಹಾಗೆ ದಾಟಿದಳು. ದೊಮಿತಿಲಾ ಹೊಸ್ತಿಲ ಮೇಲೆ ಬೆಲ್ಲದ ನೀರಿನ ಲೋಟ ಹಿಡಿದು ಕೂತಿದ್ದಳು. ಕುಡಿದಿರಲಿಲ್ಲ.

"ಒಂದು ಕೇಳ್ಲಾ?" ಎಂದಳು. "ಈ ಲಿಮಾ ಅನ್ನೋದು ಇಲ್ಲಿಂದ ಯಾವ ಕಡೆ ಬರುತ್ತೆ?"

ಎರ್ಸಿಲಿಯಾ ಬೀದಿಯ ಕೊನೆಯ ಕಡೆಗೆ ಕೈ ತೋರಿಸಿದಳು.

"ಕೀತೊ?"

ಅದೂ ಹೆಚ್ಚುಕಡಿಮೆ ಅದೇ ಕಡೆ, ಸ್ವಲ್ಪ ಈಚೆ ಎಂದಳು ಎರ್ಸಿಲಿಯಾ. ಯಾಕೆ ಮಾದ್ರಿನಾ ಎಂದೂ ಕೇಳಿದಳು.

"ಏನಿಲ್ಲ, ಸಂಜೆ ಯಾವ ಕಡೆ ತಿರುಗಿ ಕೂಗ್ಬೇಕು ಅಂತ."

ಆಕೆ ಕೊಂಕು ತೆಗೆದದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಎರ್ಸಿಲಿಯಾಗೆ ಮಾತ್ರ ಮರೆತಿದ್ದ ಆ ಕೂಗು ನೆನಪಾಯಿತು. ರೂಬಿಯೊದಲ್ಲಿ ತಾನು ರಾತ್ರಿ ಅಳದೆ ಮಲಗಿದ್ದು ಅನ್ನ ಸಿಕ್ಕಿತೆಂದಲ್ಲ. ಬಡಗಿಯ ಮನೆಯಿಂದ ಅಣ್ಣಂದಿರ ದನಿ ಬಂತು, ದಾದಿಯ ಮನೆಯಿಂದ ಅಮ್ಮನ ದನಿ ಬಂತು, ಪೊರಕೆಯ ತಿವಿತಕ್ಕೆ ಅಜ್ಜನ ದನಿ ಬಂತು, ಅದಕ್ಕೆ ಮಲಗಿದೆ. ಈ ಮುದುಕಿ ನಮ್ಮನ್ನು ಮನೆಮನೆಗೆ ಹಂಚಿದ್ದು ನಿಜ, ಆದರೆ ಕೂಗು ಮುಟ್ಟದಷ್ಟು ದೂರಕ್ಕೆ ಒಬ್ಬರನ್ನೂ ಬಿಡಲಿಲ್ಲ. ಎಲ್ಲವನ್ನೂ ನೆನಪಿಟ್ಟುಕೊಂಡು ಮುಖ್ಯವಾದದ್ದನ್ನೇ ಮರೆತಿದ್ದೆನಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು. ಮಾದ್ರಿನಾರ ಮುಂದೆ ಕುಕ್ಕರಿಸಿ ಆಕೆಯ ಎರಡೂ ಕೈ ಹಿಡಿದುಕೊಂಡು, ಯಾವ ಕಡೆಗೂ ತಿರುಗಬೇಡಿ, ನಾಳೆ ಯಾರೂ ಬಸ್ಸು ಹತ್ತುವುದಿಲ್ಲ ಎಂದಳು.

ಹೇಳಿದ್ದೇನೋ ಹೇಳಿಬಿಟ್ಟಳು. ಇಡುವುದೆಲ್ಲಿ? ಮನೆ ಒಡೆಯನ ಗಡುವು ಹಾಗೇ ಇತ್ತು. ಎರ್ಸಿಲಿಯಾ ಅಡುಗೆಮನೆಗೆ ಹೋಗಿ ಸೌಟು ತೆಗೆದುಕೊಂಡಳು. ಸೌಟು ಯಾಕೆ ಎಂದು ಎಲಿ ಕೇಳುವಷ್ಟರಲ್ಲಿ ಬೀದಿಗೆ ಇಳಿದಿದ್ದಳು.

ಪಕ್ಕದ ಪಕ್ಕದ ಮನೆ ಗ್ರಾಸಿಯೆಲಾಳದು. ನಿವೃತ್ತ ಟೀಚರು, ಒಂಟಿ ಹೆಂಗಸು, ಜೊತೆಗೆ ಒಂದು ಗಿಳಿ. ತನಗೆ ಗಲಾಟೆ ಆಗದು ಎಂದು ಆಕೆ ಶುರುಮಾಡಿದಳು. ಎರ್ಸಿಲಿಯಾ ನೆಟ್ಟಗೆ ಒಳಗೆ ಹೋಗಿ ಕಪಾಟಿನ ಮೇಲಿನ ದೊಡ್ಡ ಪಾತ್ರೆಯನ್ನು ಇಳಿಸಿ, ಧೂಳು ಒರೆಸಿ, ಮೇಜಿನ ಮೇಲಿಟ್ಟಳು. ಒಬ್ಬರ ಸಾರಿಗೆ ಇಷ್ಟು ದೊಡ್ಡ ಪಾತ್ರೆ ಯಾಕೆ ಸೆನ್ಯೋರಾ ಎಂದು ಮೆತ್ತಗೆ ಕೇಳಿದಳು. ಅದು ಮಕ್ಕಳೆಲ್ಲ ಮನೆಯಲ್ಲಿದ್ದ ಕಾಲದ ಪಾತ್ರೆ. ಗ್ರಾಸಿಯೆಲಾ ಅದರ ಅಂಚಿನ ಮೇಲೆ ಬೆರಳಾಡಿಸಿ, ಗಿಳಿಗೆ ಕೆಟ್ಟ ಮಾತು ಕಲಿಸದೆ ಇದ್ದರೆ ತಾಯಿಯೂ ಇಬ್ಬರು ಮಕ್ಕಳೂ ಬರಲಿ ಎಂದಳು.

ಬೀದಿಯ ಮಧ್ಯದ ಮನೆ ದೊನ್ ಪ್ಲೂತಾರ್ಕೊನದು. ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಬನಿಯನ್ನಿನಲ್ಲಿ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹೋಗಿಬರುವವರನ್ನು ಬೈಯುವುದೇ ಅವನ ಉದ್ಯೋಗ. ಅವನಿಗೆ ಮೂರು ಖಾಲಿ ಕೋಣೆ ಇತ್ತು. ಎರ್ಸಿಲಿಯಾ ಬಾಯಿ ತೆರೆಯುವ ಮೊದಲೇ ಅವನು ಸೌಟು ನೋಡಿ ಕೈ ಅಡ್ಡ ಹಿಡಿದ. ಆಚೆಯವರು ಬಂದಾಗಿನಿಂದ ನಲ್ಲಿ ನೀರು ಸಣ್ಣಗಾಗಿದೆ, ಬೀದಿನಾಯಿಗೂ ಸೊಕ್ಕು ಬಂದಿದೆ, ತಾನು ಯಾರನ್ನೂ ಇಟ್ಟುಕೊಳ್ಳುವವನಲ್ಲ, ಈ ಮಾತನ್ನು ಬರೆದಿಟ್ಟುಕೊಳ್ಳಿ ಎಂದ. ಇಂಥವರ ಜೊತೆ ವಾದ ಮಾಡಿದರೆ ನಮ್ಮ ಗಂಟಲಿಗೇ ನಷ್ಟ. ಅವಳು ಮುಂದೆ ಹೋದಳು.

ಕೊನೆಗೆ ಸಿಕ್ಕಿದ್ದು ಬೀದಿಯ ಆ ತುದಿಯ ನೆಪೊನ ಬೇಕರಿ. ನಸುಕಿನಲ್ಲಿ ಎದ್ದು ಹಿಟ್ಟು ನಾದುವವರು ಬೇಕಾಗಿದ್ದರು ಎಂದು ನೆಪೊ ತಾನೇ ಹೇಳಿದ. ಹಿಟ್ಟಿನ ಮೂಟೆಗಳ ಪಕ್ಕ ಒಂದು ಹಾಸಿಗೆಗೆ ಜಾಗವಿತ್ತು. ಒಸ್ವಾಲ್ದೊ ಸ್ಕೂಲ್ ಬಸ್ಸು ಓಡಿಸುತ್ತಿದ್ದವನು, ಹಿಟ್ಟು ಕಂಡವನಲ್ಲ. ಸ್ಟಿಯರಿಂಗ್ ತಿರುಗಿಸಿದ ಕೈಗೆ ಹಿಟ್ಟು ತಿರುಗಿಸುವುದು ಏನು ಮಹಾ ಎಂದು ಎರ್ಸಿಲಿಯಾ ಅವನ ಪರವಾಗಿ ಒಪ್ಪಿಕೊಂಡೇ ಬಂದಳು.

ಲಿಮಾದ ನಾನ್ಸಿಗೆ ಫೋನು ಮಾಡಿದಾಗ ಅವಳಿಗೆ ಕೋಪ ಬಂತು. ಹೊಸ ಚಾದರ ಹಾಸಿ ಕಾಯುತ್ತಿದ್ದೇನೆ, ಹಾಗಾದರೆ ನಾನೇನೂ ಅಲ್ಲವಾ ಎಂದಳು. ಅವಳ ಕೋಪವೂ ನ್ಯಾಯವೇ. ನಿಮ್ಮ ಪಾಲು ಹಾಗೇ ಇದೆ, ಜನರನ್ನು ಕಳಿಸುವ ಬದಲು ನಿಮ್ಮ ಪಾಲಿನ ಅಕ್ಕಿಯನ್ನು ನಾನು ಈಚೆಗೆ ಕರೆಯುತ್ತಿದ್ದೇನೆ ಎಂದು ಎರ್ಸಿಲಿಯಾ ಸಮಾಧಾನ ಮಾಡಿದಳು. ತಿಂಗಳ ಅಕ್ಕಿಯ ದುಡ್ಡು ಲಿಮಾದವರ ಹೊಣೆಯಾಯಿತು, ಹುಡುಗಿಯರ ಸ್ಕೂಲಿನ ಸಮವಸ್ತ್ರ ಕೀತೊದವರ ಹೊಣೆಯಾಯಿತು. ಚಪ್ಪಲಿಯಂತೂ ಕೇಳುವುದೇ ಬೇಡ.

ಮುಂದಿನ ಭಾನುವಾರ ಮಧ್ಯಾಹ್ನ ದೊಮಿತಿಲಾ ಕೋಳಿ ಸಾರು ಮಾಡಿದಳು. ಅಷ್ಟು ಜನಕ್ಕೆ ಒಳಗೆ ಜಾಗವಿಲ್ಲವೆಂದು ಚರ್ಮ ಕತ್ತರಿಸುವ ಹಲಗೆಯನ್ನೇ ತೊಳೆದು ಹೊರಗೆ ಬಾದಾಮಿ ಮರದ ನೆರಳಿನಲ್ಲಿ ಹಾಕಿದರು. ಪಾತ್ರೆಯಲ್ಲಿ ಸಾರು ಹೊಗೆಯಾಡುತ್ತಿತ್ತು. ದೊಮಿತಿಲಾ ಜಡೆ ಬಿಗಿಯಾಗಿ ಹೆಣೆದು, ಸೆರಗಿನಂತೆ ಹೊದ್ದ ಶಾಲು ಸರಿಮಾಡಿಕೊಂಡು, ಬಾಗಿಲಿಗೆ ಬಂದು ನಿಂತಳು.

"ಬೆಲ್ಕೀ...ಸ್!"

ಗ್ರಾಸಿಯೆಲಾಳ ಮನೆಯಿಂದ "ಊಪಾ!" ಬಂತು. ಯೋಸೆಲಿನ್, ಯೋಸ್ಮಾರಿ ಎಂದು ಕೂಗಿದ್ದಕ್ಕೆ ಒಂದೇ ಉಸಿರಿಗೆ ಎರಡು "ಊಪಾ" ಬಂತು, ಹಿಂದೆಯೇ ಮೂರನೆಯದೂ ಬಂತು. ಅದು ಗಿಳಿ. ಬೀದಿಯೆಲ್ಲ ನಕ್ಕಿತು.

"ಒಸ್ವಾಲ್ದೋ...!"

ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ದನಿ ಬೀದಿಯ ಮಧ್ಯದ ತನಕ ಹೋಗಿ ಸೋತಿತು, ಮೂರನೆಯ ಸಲಕ್ಕೆ ಕೆಮ್ಮು ಬಂತು. ಎರ್ಸಿಲಿಯಾಳ ಮುಖ ಇಳಿದುಹೋಯಿತು. ರೂಬಿಯೊದಲ್ಲಿ ಕೂಗುತ್ತಿದ್ದ ಗಂಟಲು ಇದಲ್ಲ, ಈ ಗಂಟಲಿಗೆ ಎಪ್ಪತ್ತು ದಾಟಿದೆ ಎಂಬುದನ್ನು ಅವಳು ಅಳೆದೇ ಇರಲಿಲ್ಲ. ಕಣ್ಣಳತೆ ತಪ್ಪದವಳು ಇಲ್ಲಿ ತಪ್ಪಿದ್ದಳು, ಒಸ್ವಾಲ್ದೊನನ್ನು ಕೂಗಿನ ಆಚೆಗೆ ಇಟ್ಟುಬಿಟ್ಟಿದ್ದಳು. ಓಡಿ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಹೊರಟವಳನ್ನು ದೊಮಿತಿಲಾ ಕೈ ಎತ್ತಿ ತಡೆದಳು.

"ಬೇಡ. ಹೋಗಿ ಕರ್ಕೊಂಡು ಬರೋದು ಬೇರೆ, ಕೂಗಿದ್ದು ಕೇಳ್ಸೋದು ಬೇರೆ."

ಸಾರಿನ ಹೊಗೆ ಕಡಿಮೆಯಾಗುತ್ತಿತ್ತು. ಯಾರೂ ಚಮಚ ಮುಟ್ಟಲಿಲ್ಲ. ಆಗ ಬೀದಿಯ ಮಧ್ಯದಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ದೊನ್ ಪ್ಲೂತಾರ್ಕೊ ಎದ್ದ. ಬನಿಯನ್ ಎಳೆದುಕೊಂಡು, ಇತ್ತ ಒಮ್ಮೆ ಗುರಾಯಿಸಿ, ಬೇಕರಿಯ ಕಡೆಗೆ ತಿರುಗಿ ಬಾಯಿಗೆ ಎರಡೂ ಕೈ ಅಡ್ಡ ಹಿಡಿದ.

"ರೀ ಒಸ್ವಾಲ್ದೊ! ಕಿವಿಗೆ ಹಿಟ್ಟು ಮೆತ್ಕೊಂಡಿದೀರೇನ್ರೀ? ನಿಮ್ಮತ್ತೆ ಆಗ್ಲಿಂದ ಕೂಗ್ತಿದಾರೆ!"

ಬೈದು ಬೈದು ಪಳಗಿದ ಗಂಟಲು. ಬೇಕರಿಯ ಕಿಟಕಿ ಗಾಜೂ ಅದುರಿರಬೇಕು. ಬೀದಿಯ ಆ ತುದಿಯಿಂದ, ದೂರದಿಂದ, ತೆಳ್ಳಗೆ "ಊಪಾ..." ಬಂತು. ಪ್ಲೂತಾರ್ಕೊ ಅದನ್ನು ಈ ಕಡೆಗೆ ದಾಟಿಸಿದ: "ಬರ್ತಿದಾರಂತೆ!" ಆಮೇಲೆ ಕುರ್ಚಿಗೆ ಬಿದ್ದು, ತಾನು ಯಾರನ್ನೂ ಇಟ್ಟುಕೊಳ್ಳುವುದಿಲ್ಲ ಎಂದರೆ ಇಟ್ಟುಕೊಳ್ಳುವುದಿಲ್ಲ, ಆದರೆ ಜನರ ಸಾರು ಆರುವುದನ್ನು ನೋಡುತ್ತ ಕೂರಲು ಆಗುತ್ತದೆಯೇ ಎಂದು ಯಾರೂ ಕೇಳದಿದ್ದರೂ ಗೊಣಗಿದ. ದೊಮಿತಿಲಾ ಮೊದಲ ಬಟ್ಟಲನ್ನು, ಕೋಳಿಯ ಕಾಲು ಹಾಕಿ, ಯೋಸ್ಮಾರಿಯ ಕೈಯಲ್ಲಿ ಅವನಿಗೇ ಕಳಿಸಿದಳು. ಅಂದಿನಿಂದ ಆ ಬೀದಿಯಲ್ಲಿ ಕೂಗು ಎರಡು ಗಂಟಲು ದಾಟಿಯೇ ಬೇಕರಿ ಮುಟ್ಟುತ್ತಿತ್ತು.

ಒಸ್ವಾಲ್ದೊ ಹುಬ್ಬಿನ ತನಕ ಹಿಟ್ಟು ಮಾಡಿಕೊಂಡು ಬಂದ. ಎಲ್ಲರೂ ಹಲಗೆಯ ಸುತ್ತ ಕೂತರು. ದೊಮಿತಿಲಾ ಮಾತ್ರ ಕೂರದೆ ಬಾಗಿಲಿಗೆ ಹೋದಳು. ಮತ್ತೆ ಬೀದಿಯ ಕಡೆಗೆ ಮುಖ ಮಾಡಿ ನಿಂತಳು.

"ಎರ್ಸೀ...ಲಿಯಾ!"

ಎರ್ಸಿಲಿಯಾ ಸೌಟು ಹಿಡಿದು ಆಕೆಯ ಬೆನ್ನ ಹಿಂದೆಯೇ ನಿಂತಿದ್ದಳು. ನಿಮ್ಮ ಹಿಂದೇನೇ ಇದ್ದಾರಲ್ಲ, ಮಾದ್ರಿನಾ ಎಂದು ಎಲಿ ನಗತೊಡಗಿದ. ದೊಮಿತಿಲಾ ತಿರುಗಿ ನೋಡಲಿಲ್ಲ, ಇನ್ನೊಮ್ಮೆ ಅದೇ ಹೆಸರನ್ನು ಬೀದಿಯುದ್ದಕ್ಕೂ ಕೇಳುವ ಹಾಗೆ ಕೂಗಿದಳು. ಎರ್ಸಿಲಿಯಾಳ ಕಣ್ಣು ತುಂಬಿ ಬಂತು.

"ಊಪಾ, ಮಾದ್ರಿನಾ," ಎಂದಳು.

ದೊಮಿತಿಲಾ ಅವಳ ಕೈಯಿಂದ ಸೌಟು ತೆಗೆದುಕೊಂಡು ಎಲ್ಲರಿಗೂ ಬಡಿಸಿದಳು. ಸಾರು ಆರಿತ್ತು.